ಆರೋಪಿ ಪರ ತನಿಖೆ: ಬೆಂಗಳೂರು ದಂಡು ಮತ್ತು ಪೂರ್ವಭಾಗ

ಆರೋಪಿ ಪರ ತನಿಖೆ ಎಂದರೆ ಕ್ರಿಮಿನಲ್ ಪ್ರಕರಣದಲ್ಲಿ ಪೊಲೀಸ್ ತನಿಖೆಗೆ ಹೊರತಾಗಿ ಆರೋಪಿಯ ವಕೀಲರ ಕಡೆಯವರು ಸಂಗತಿಗಳನ್ನು ಹುಡುಕಿ ಕಲೆಹಾಕುವ ಕೆಲಸ. ಘಟನೆ ನಡೆದ ಜಾಗ ನೋಡುವುದು, ಸಾಕ್ಷಿಗಳನ್ನು ಪತ್ತೆಮಾಡುವುದು, ಆಸ್ಪತ್ರೆಯ ರಿಜಿಸ್ಟರು, ಸಿಸಿಟಿವಿ ದೃಶ್ಯ, ಫೋನ್ ಕರೆಗಳ ವಿವರ, ಕಾರ್ಖಾನೆಯ ಹಾಜರಿ ಪುಸ್ತಕ ಸಂಪಾದಿಸುವುದು, ಆರೋಪಿಯ ಬದುಕಿನ ಹಿನ್ನೆಲೆ ಬರೆದಿಡುವುದು ಎಲ್ಲವೂ ಇದರಲ್ಲಿ ಬರುತ್ತವೆ. ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯಲ್ಲಿ 1914ರಲ್ಲಿ ಶುರುವಾದ ಮಾದರಿಯ ಸರ್ಕಾರಿ ಅಭಿರಕ್ಷಕರ ಕಚೇರಿಗಳಲ್ಲಿ ಈಗ ಈ ಕೆಲಸಕ್ಕೆಂದೇ ತನಿಖೆಗಾರರೂ ಅವರ ಮೇಲೊಬ್ಬ ಮುಖ್ಯಸ್ಥರೂ ಇರುವುದು ಸಾಮಾನ್ಯ. ಬೆಂಗಳೂರಿನಲ್ಲಿ ಈ ಹೆಸರಿನ ಹುದ್ದೆ ಇಲ್ಲ, ಕೆಲಸ ಮಾತ್ರ ಇದೆ. ಅದನ್ನು ಒಂದೊಂದು ಕಾಲದಲ್ಲಿ ಒಬ್ಬೊಬ್ಬರು ಮಾಡಿದ್ದಾರೆ: ವಕೀಲರ ಗುಮಾಸ್ತರು, ಆರೋಪಿಯ ಅಣ್ಣತಮ್ಮಂದಿರು, ನಾಗರಿಕ ಹಕ್ಕುಗಳ ಸಂಘಟನೆಗಳು, ಕಾನೂನು ವಿದ್ಯಾರ್ಥಿಗಳು, ಈಚೆಗೆ ಕಾನೂನು ನೆರವು ಅಭಿರಕ್ಷಕರ ಕಚೇರಿಯ ಕಿರಿಯ ವಕೀಲರು.

ಉಚಿತ ಕಾನೂನು ನೆರವಿನ ಚರಿತ್ರೆಯನ್ನೇ ಇದರ ಚರಿತ್ರೆ ಎಂದು ಓದುವ ರೂಢಿಯಿದೆ. ಎರಡೂ ಬೇರೆ. ನ್ಯಾಯಾಲಯದಲ್ಲಿ ಆರೋಪಿಯ ಪರ ಒಬ್ಬರು ಎದ್ದು ನಿಲ್ಲುವುದು ಒಂದು ಹಕ್ಕು. ಎದ್ದು ನಿಂತವರ ಕೈಯಲ್ಲಿ ಏನಾದರೂ ಇರುವುದು ಇನ್ನೊಂದು. ಮೊದಲನೆಯದರ ಇಸವಿಗಳು ಎಲ್ಲ ಪುಸ್ತಕಗಳಲ್ಲೂ ಸಿಗುತ್ತವೆ. ಈ ಲೇಖನ ಎರಡನೆಯದಕ್ಕೆ ಹೆಚ್ಚು ಜಾಗ ಕೊಡುತ್ತದೆ.

ಎಲ್ಲೆ

ಇಲ್ಲಿ ದಂಡು ಎಂದರೆ ಶಿವಾಜಿನಗರ, ಹಲಸೂರು, ಪುಲಕೇಶಿನಗರದ ಸುತ್ತಿನ ಹಳೆಯ ಕಂಟೋನ್ಮೆಂಟ್. ಪೂರ್ವಭಾಗ ಎಂದರೆ ಇಂದಿರಾನಗರ, ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗೆ. ಸ್ಥಳನಾಮದ ಒಂದು ಗೊಂದಲವನ್ನು ಮೊದಲೇ ಬಿಡಿಸಬೇಕು. ಹಲಸೂರು ಗೇಟ್ ಪೊಲೀಸ್ ಠಾಣೆ ಹಲಸೂರಿನಲ್ಲಿಲ್ಲ, ಅದು ಪೇಟೆಯ ಅಂಚಿನಲ್ಲಿ ಕಾರ್ಪೊರೇಷನ್ ಸಮೀಪದಲ್ಲಿದೆ. ಹಲಸೂರು ಠಾಣೆ ಬೇರೆ, ಅದು ಕೆರೆಯ ಕಡೆಯದು. ಪೇಟೆಯ ಠಾಣೆಯ ಪ್ರಕರಣವನ್ನು ದಂಡಿನ ಲೆಕ್ಕಕ್ಕೆ ಹಾಕಿಬಿಡುವುದು ಸುಲಭ. ಹೆಸರು ತಪ್ಪಾಗಿ ಕೇಳಿಸಿಕೊಂಡು ತಪ್ಪು ಠಾಣೆಯ ಮುಂದೆ ಕಾದು ಕೂರುವ ಬಂಧುಗಳ ಪಾಡೂ ಇದೇ.

ರೆಸಿಡೆಂಟರ ಕಾಲ

ಕಂಟೋನ್ಮೆಂಟ್ ಸ್ಥಾಪನೆಯಾದದ್ದು 1809ರಲ್ಲಿ. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗ ದಂಡು ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಅಲ್ಲಿನ ನ್ಯಾಯಾಲಯಗಳ ಮೇಲೆ ಉಚ್ಚ ನ್ಯಾಯಾಲಯದ ಅಧಿಕಾರ ನಡೆಸುತ್ತಿದ್ದವರು ರೆಸಿಡೆಂಟರು. ಮೈಸೂರಿನಲ್ಲಿ 1884ರಲ್ಲಿ ಚೀಫ್ ಕೋರ್ಟ್ ಬಂತು, 1930ರಲ್ಲಿ ಅದು ಹೈಕೋರ್ಟ್ ಆಯಿತು. ಆದರೆ ಅಠಾರಾ ಕಚೇರಿಯ ಆ ನ್ಯಾಯಾಲಯಕ್ಕೆ ಹಲಸೂರಿನ ಆರೋಪಿಯ ಮೇಲೆ ಅಧಿಕಾರವಿರಲಿಲ್ಲ. ಕೆ.ಆರ್. ಪುರ ಮೈಸೂರು ರಾಜ್ಯದ ಭಾಗ. ಒಂದೇ ಮದ್ರಾಸು ರಸ್ತೆಯ ಮೇಲೆ ಕೆಲವೇ ಮೈಲಿ ಅಂತರದ ಎರಡು ಊರುಗಳ ಆರೋಪಿಗಳು ಬೇರೆ ಬೇರೆ ಪೊಲೀಸರ, ಬೇರೆ ಬೇರೆ ಮೇಲ್ಮನವಿ ನ್ಯಾಯಾಲಯಗಳ ಮುಂದೆ ನಿಲ್ಲುತ್ತಿದ್ದರು. ಒಂದು ಕಡೆಯ ಆರೋಪಿಗೆ ಬೇಕಾದ ಸಾಕ್ಷಿ ಇನ್ನೊಂದು ಕಡೆಯಲ್ಲಿದ್ದರೆ ಅದು ಪರರಾಜ್ಯದ ವ್ಯವಹಾರ. 1947ರ ಜುಲೈನಲ್ಲಿ ದಂಡು ಮೈಸೂರಿಗೆ ಮರಳುವವರೆಗೂ ಇದೇ ಸ್ಥಿತಿ.

1898ರ ದಂಡ ಪ್ರಕ್ರಿಯಾ ಸಂಹಿತೆಯ 340ನೇ ಕಲಮು ಆರೋಪಿಗೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಕೊಟ್ಟಿತ್ತು, ಅವರ ಫೀಸನ್ನು ಕೊಟ್ಟಿರಲಿಲ್ಲ. ಸರ್ಕಾರದ ಖರ್ಚಿನ ವಕೀಲರು ಸಾಮಾನ್ಯವಾಗಿ ಮರಣದಂಡನೆಯ ಸಾಧ್ಯತೆ ಇದ್ದ ಪ್ರಕರಣಗಳಿಗಷ್ಟೇ. ದಂಡಿನ ಜನರ ಮಾತು ತಮಿಳು, ದಖ್ಖನಿ ಉರ್ದು, ತೆಲುಗು, ಕನ್ನಡ. ಮೇಲಿನ ಆಡಳಿತ ಇಂಗ್ಲಿಷಿನಲ್ಲಿ. ಆ ನಡುವಿನ ಜಾಗವನ್ನು ತುಂಬಿದವರು ಗುಮಾಸ್ತರು. ಕಕ್ಷಿದಾರನ ಮಾತು ಕೇಳಿ ವಕೀಲರಿಗೆ ಒಪ್ಪಿಸುವವರು, ನಕಲು ಅರ್ಜಿ ಹಾಕುವವರು, ಯಾವ ಸಾಕ್ಷಿ ಯಾವ ಗಲ್ಲಿಯವನು ಎಂದು ಬಲ್ಲವರು ಅವರೇ. ವಕಾಲತ್ತಿನ ಮೇಲೆ ಅವರ ಹೆಸರು ಬರುವುದಿಲ್ಲ, ತೀರ್ಪಿನಲ್ಲಂತೂ ಇಲ್ಲವೇ ಇಲ್ಲ. ಈ ವಿಷಯದ ಚರಿತ್ರೆ ತೆಳ್ಳಗಿರುವುದಕ್ಕೆ ಅದೇ ದೊಡ್ಡ ಕಾರಣ.

1947ರಿಂದ 1995

ಈ ಅವಧಿಯ ಮೈಲಿಗಲ್ಲುಗಳು ಎಲ್ಲರಿಗೂ ಗೊತ್ತಿರುವಂಥವು. ಸೆಟಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗದ 14ನೇ ವರದಿ 1958ರಲ್ಲಿ ಕಾನೂನು ನೆರವಿನ ಮಾತೆತ್ತಿತು. 1973ರ ಸಂಹಿತೆಯ 304ನೇ ಕಲಮು ಸೆಷನ್ಸ್ ವಿಚಾರಣೆಗೆ ಸರ್ಕಾರಿ ಖರ್ಚಿನ ವಕೀಲರನ್ನು ಕೊಟ್ಟಿತು. 42ನೇ ತಿದ್ದುಪಡಿ ಸಂವಿಧಾನಕ್ಕೆ 39ಎ ವಿಧಿಯನ್ನು ಸೇರಿಸಿತು. ಭಾಗಲ್ಪುರದ ಕಣ್ಣು ಕುರುಡಾಗಿಸಿದ ಪ್ರಕರಣದಲ್ಲಿ (1980) ಸುಪ್ರೀಂ ಕೋರ್ಟು, ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಸಲ ಹಾಜರುಪಡಿಸಿದಾಗಲೇ ವಕೀಲರು ಸಿಗಬೇಕೆಂದಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಇವು ಯಾವುದರಲ್ಲೂ ತನಿಖೆಯ ಖರ್ಚಿಗೆ ಪ್ರತ್ಯೇಕ ಬಾಬತ್ತು ಇಲ್ಲ. ಪ್ಯಾನಲ್ ವಕೀಲರಿಗೆ ಪ್ರಕರಣಕ್ಕೆ ಇಷ್ಟು ಎಂಬ ಗೌರವಧನ. ಅವರು ಘಟನಾಸ್ಥಳಕ್ಕೆ ಹೋದರೆ ಆಟೋ ಬಾಡಿಗೆ ಕೈಯಿಂದಲೇ.

ಈ ನಡುವೆ ಗಮನಿಸಬೇಕಾದ ಒಂದು ದಾಖಲೆ ತುರ್ತುಪರಿಸ್ಥಿತಿಯದು. 1976ರ ಮೇ ತಿಂಗಳಲ್ಲಿ ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಪೊಲೀಸರು ಹಿಡಿದು ಹಿಂಸಿಸಿದಾಗ, ತಾಯಿ ಆಲಿಸ್ ರಾಷ್ಟ್ರಪತಿಗಳಿಗೆ ಪತ್ರ ಬರೆದು ಮಗನಿಗೆ ಏನಾಯಿತೆಂದು ವಿವರಿಸಿದರು. ರಾಜಕೀಯ ಇತಿಹಾಸದ ಪುಸ್ತಕಗಳು ಅದನ್ನು ತಾಯಿಯ ಮೊರೆ ಎಂದು ಓದುತ್ತವೆ. ಬಂಧನದಲ್ಲಿದ್ದವನ ಮೈಮೇಲೆ ನಡೆದದ್ದನ್ನು ಮನೆಯವರೇ ಬರಹಕ್ಕಿಳಿಸಿದ ಆ ಕ್ರಮವನ್ನು ಆರೋಪಿ ಪರ ತನಿಖೆ ಎಂದೂ ಓದಬಹುದು.

ಸತ್ಯಶೋಧನೆಯ ದಶಕ

ದಂಡಿನ ಮಟ್ಟಿಗೆ ನಿಜವಾದ ತಿರುವು 2000ದ ನಂತರದ ಹತ್ತು ವರ್ಷ. 1988ರಲ್ಲಿ ಎನ್.ಆರ್. ಮಾಧವ ಮೆನನ್ ಅವರ ಮುಂದಾಳುತನದಲ್ಲಿ ಬೆಂಗಳೂರಿನಲ್ಲಿ ಪಾಠ ಆರಂಭಿಸಿದ ರಾಷ್ಟ್ರೀಯ ಕಾನೂನು ಶಾಲೆಯ ಹಳೆಯ ವಿದ್ಯಾರ್ಥಿಗಳು ಸೇರಿದಂತೆ ಹೊಸ ತಲೆಮಾರಿನ ವಕೀಲರು ಈ ಹೊತ್ತಿಗೆ ಕೋರ್ಟುಗಳಲ್ಲಿ ಕಾಣಿಸಿಕೊಂಡಿದ್ದರು. 2000ದಲ್ಲಿ ಹುಟ್ಟಿದ ಆಲ್ಟರ್ನೇಟಿವ್ ಲಾ ಫೋರಂ ಇನ್‌ಫೆಂಟ್ರಿ ರಸ್ತೆಯಲ್ಲಿ ಕಚೇರಿ ಮಾಡಿತು. ಅದೇ ರಸ್ತೆಯಲ್ಲಿ ನಗರ ಪೊಲೀಸ್ ಕಮಿಷನರ ಕಚೇರಿಯೂ ಇದೆ. ಆರೋಪ ಹೊರಿಸುವವರಿಗೂ ಅದನ್ನು ಪರೀಕ್ಷಿಸುವವರಿಗೂ ಒಂದೇ ಬಸ್ ಸ್ಟಾಪು.

ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್‌ನ ಕರ್ನಾಟಕ ಘಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ಬಗ್ಗೆ, 2003ರಲ್ಲಿ ಬೆಂಗಳೂರಿನ ಹಿಜ್ರಾ ಮತ್ತು ಕೋಥಿ ಲೈಂಗಿಕ ವೃತ್ತಿನಿರತರ ಬಗ್ಗೆ ವರದಿ ಹೊರತಂದಿತು. ನೊಂದವರ ಹೇಳಿಕೆಗಳೇ ಅವುಗಳ ತಿರುಳು. 2004ರಲ್ಲಿ ನಗರದ ಪೂರ್ವಭಾಗದ ಠಾಣೆಯೊಂದರಲ್ಲಿ ಹಿಜ್ರಾ ಒಬ್ಬರನ್ನು ಬೆತ್ತಲೆಗೊಳಿಸಿ ಕಿಟಕಿಗೆ ಕೋಳ ಹಾಕಿ ಹಿಂಸಿಸಿದ ಘಟನೆಯೂ ಹೀಗೆ ದಾಖಲಾಯಿತು. ಐದು ವರ್ಷದ ಬಳಿಕ, 2009ರ ಜುಲೈ 2ರಂದು, ನಾಜ್ ಫೌಂಡೇಷನ್ ಪ್ರಕರಣದ ತೀರ್ಪಿನಲ್ಲಿ ದೆಹಲಿ ಹೈಕೋರ್ಟು ಬೆಂಗಳೂರಿನ ಈ ಘಟನೆಯನ್ನು ಎತ್ತಿಕೊಂಡಿತು. ಪೊಲೀಸರು ಬರೆಯದ ಸಂಗತಿಯನ್ನು ಬೇರೆಯವರು ಬರೆದಿಟ್ಟರೆ ಅದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಪೂರ್ವ ಬೆಂಗಳೂರಿನ ಮಟ್ಟಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಸತ್ಯಶೋಧನಾ ವರದಿ ತಾನೇ ತಾನಾಗಿ ಪುರಾವೆಯಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ಕ್ರಿಮಿನಲ್ ವಿಚಾರಣೆಯಲ್ಲಿ ಅದನ್ನು ಬರೆದವರು ಕಟೆಕಟೆ ಹತ್ತಿ ಪಾಟಿಸವಾಲಿಗೆ ಒಡ್ಡಿಕೊಂಡರೆ ಮಾತ್ರ ಅದಕ್ಕೆ ಬೆಲೆ.

ಇದೇ ದಶಕದಲ್ಲಿ ಗಾಳಿ ಎದುರು ದಿಕ್ಕಿನಿಂದಲೂ ಬೀಸಿತು. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಕೊಟ್ಟ ವರದಿ, ನ್ಯಾಯಾಧೀಶರೇ ಸತ್ಯದ ಹುಡುಕಾಟಕ್ಕೆ ಇಳಿಯಬೇಕೆಂದೂ ರುಜುವಾತಿನ ಮಟ್ಟವನ್ನು ಸಡಿಲಿಸಬೇಕೆಂದೂ ಶಿಫಾರಸು ಮಾಡಿತು. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶಕ್ಕೇ ಹೆಸರಾಯಿತು. ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಮಾಡುವಂತಿಲ್ಲ ಎಂದು ತೀರ್ಪಿತ್ತಿತು. ಮಳಿಮಠ ವರದಿಯನ್ನು ಆರೋಪಿ ಪರ ತನಿಖೆಯ ಶತ್ರು ಎಂದು ಕಾಣುವುದು ಹಕ್ಕುಗಳ ಪರ ಬರಹಗಳಲ್ಲಿ ಸಾಮಾನ್ಯ. ವರದಿಯ ಹಿಂದಿದ್ದ ದೂರು ಮಾತ್ರ ಸುಳ್ಳಲ್ಲ: ಎರಡು ಕಡೆಯೂ ಸರಿಸಮ ಎಂದುಕೊಂಡ ಪದ್ಧತಿಯಲ್ಲಿ ಒಂದು ಕಡೆಗೆ ಮಾತ್ರ ಠಾಣೆ, ಜೀಪು, ಪ್ರಯೋಗಾಲಯ ಇದ್ದವು.

2020ರ ಆಗಸ್ಟ್ 11ರ ರಾತ್ರಿ ಡಿ.ಜೆ. ಹಳ್ಳಿ ಮತ್ತು ಕೆ.ಜಿ. ಹಳ್ಳಿ ಠಾಣಾ ವ್ಯಾಪ್ತಿಯಲ್ಲಿ ನಡೆದ ಹಿಂಸಾಚಾರ ಸತ್ಯಶೋಧನೆಯ ಮಾದರಿಯ ಮಿತಿಯನ್ನು ತೋರಿಸಿತು. ನಾಗರಿಕ ಗುಂಪುಗಳ ಸತ್ಯಶೋಧನಾ ವರದಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಪೂರ್ವಯೋಜಿತ ಕೃತ್ಯ ಎಂಬ ನಿಲುವೂ ಪೊಲೀಸರು ತಡಮಾಡಿದ್ದೇ ಕಾರಣ ಎಂಬ ನಿಲುವೂ ಅಚ್ಚಾದವು. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ (ಯುಎಪಿಎ) ಅಡಿಯಲ್ಲಿ ಬಂಧಿತರಾದ ನೂರಕ್ಕೂ ಹೆಚ್ಚು ಮಂದಿಗೆ 2021ರ ಜೂನ್‌ನಲ್ಲಿ ಹೈಕೋರ್ಟು ಜಾಮೀನು ಕೊಟ್ಟಿತು. ಅದಕ್ಕೆ ಆಧಾರ ಈ ವರದಿಗಳಲ್ಲ. ತನಿಖೆಯ ಅವಧಿ ವಿಸ್ತರಿಸುವಾಗ ಆರೋಪಿಗಳ ಮಾತು ಕೇಳಲಿಲ್ಲ ಎಂಬ ಪ್ರಕ್ರಿಯೆಯ ಲೋಪ. ಆ ಲೋಪ ಸಿಕ್ಕಿದ್ದು ಬೀದಿಯಲ್ಲಲ್ಲ, ನ್ಯಾಯಾಲಯದ ಕಡತದಲ್ಲಿ.

ಅಭಿರಕ್ಷಕರ ಕಚೇರಿ

ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2022ರ ಪರಿಷ್ಕೃತ ಯೋಜನೆಯೊಂದಿಗೆ ಕಾನೂನು ನೆರವು ಅಭಿರಕ್ಷಕರ ವ್ಯವಸ್ಥೆ ದೇಶದ ಜಿಲ್ಲೆಗಳಿಗೆ ಹರಡಿತು. ಪ್ರಕರಣಕ್ಕೊಬ್ಬ ಪ್ಯಾನಲ್ ವಕೀಲರ ಬದಲು ಪೂರ್ಣಾವಧಿಯ ಕಚೇರಿ; ಅಲ್ಲಿದ್ದವರು ಖಾಸಗಿ ವಕೀಲಿ ಮಾಡುವಂತಿಲ್ಲ. ಮುಖ್ಯ ಅಭಿರಕ್ಷಕರಿಗೆ ಕನಿಷ್ಠ 10 ವರ್ಷದ ಕ್ರಿಮಿನಲ್ ಅನುಭವ ಬೇಕು, ಉಪ ಅಭಿರಕ್ಷಕರಿಗೆ 7 ವರ್ಷ. ಸಹಾಯಕರು ಹೊಸಬರಾದರೂ ಆದೀತು. ಜೊತೆಗೆ ಕಚೇರಿ ಸಹಾಯಕರು, ಡೇಟಾ ಎಂಟ್ರಿಯವರು, ಜವಾನರು. ತನಿಖೆಗಾರ ಎಂಬ ಹುದ್ದೆ ಈ ಪಟ್ಟಿಯಲ್ಲಿಲ್ಲ.

ಹೀಗಾಗಿ ತನಿಖಾ ತಂಡವನ್ನು ನಡೆಸುವ ಹೊಣೆ ಹೇಳದೆಯೇ ಮುಖ್ಯ ಅಭಿರಕ್ಷಕರ ಮೇಲೆ ಬೀಳುತ್ತದೆ. ತಂಡ ಎಂದರೆ ಸಹಾಯಕ ಅಭಿರಕ್ಷಕರು, ಪ್ರಾಧಿಕಾರದ ಅರೆ ಕಾನೂನು ಸ್ವಯಂಸೇವಕರು, ಇಂಟರ್ನ್‌ಶಿಪ್‌ಗೆ ಬಂದ ವಿದ್ಯಾರ್ಥಿಗಳು. ತರಬೇತಿಯ ಮಾತು ಹೇಳಬೇಕೆಂದರೆ, ಬಾರ್ ಕೌನ್ಸಿಲ್‌ನ 2008ರ ಶಿಕ್ಷಣ ನಿಯಮಗಳ ಪ್ರಕಾರ ಕಾನೂನು ವಿದ್ಯಾರ್ಥಿ ಕಕ್ಷಿದಾರರ ಸಂದರ್ಶನವನ್ನು ಎರಡು ಸಲ ಕೂತು ನೋಡಿ ಡೈರಿ ಬರೆದರೆ ಸಾಕು.

ಈ ತಂಡ ಎದುರಿಸುವ ಮೊದಲ ತೊಡಕು ಕಾಲದ್ದು. ಆರೋಪಪಟ್ಟಿ ಸಲ್ಲಿಕೆಗೆ 60 ಅಥವಾ 90 ದಿನ. ಸಾಕ್ಷಿಗಳು ಏನು ಹೇಳಿದ್ದಾರೆಂದು ಆರೋಪಿಯ ಕಡೆಯವರಿಗೆ ತಿಳಿಯುವುದೇ ಆಮೇಲೆ. ಕೆ.ಆರ್. ಪುರದ ಅಂಗಡಿಯ ಕ್ಯಾಮೆರಾದಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಕೂರಲು ಕೆಲವು ವಾರ ಸಾಕು. ಠಾಣೆಗಳ ಸಿಸಿಟಿವಿ ದೃಶ್ಯವನ್ನು 18 ತಿಂಗಳು, ಕಡೆಯಪಕ್ಷ ಒಂದು ವರ್ಷ ಉಳಿಸಬೇಕೆಂದು ಸುಪ್ರೀಂ ಕೋರ್ಟು 2020ರ ಡಿಸೆಂಬರ್‌ನಲ್ಲಿ ಹೇಳಿದೆ. ಕಾಂಡಿಮೆಂಟ್ಸ್ ಅಂಗಡಿಯವನಿಗೆ ಅಂಥ ಕಟ್ಟುಪಾಡಿಲ್ಲ. ಆದ್ದರಿಂದ ರಿಮ್ಯಾಂಡ್ ದಿನವೇ ಒಬ್ಬರು ಜಾಗಕ್ಕೆ ಹೋಗುವಂತೆ ನೋಡಿಕೊಳ್ಳುವುದು ಮುಖ್ಯಸ್ಥರ ಎಲ್ಲ ಕೆಲಸಕ್ಕಿಂತ ಮೊದಲನೆಯದು.

ಎರಡನೆಯ ತೊಡಕು ಸಾಕ್ಷಿಗಳದು. ಸಾಕ್ಷಿಗಳನ್ನು ಬೆದರಿಸಬಾರದು, ಅವರ ಮೇಲೆ ಪ್ರಭಾವ ಬೀರಬಾರದು ಎಂಬ ಷರತ್ತು ಜಾಮೀನು ಆದೇಶಗಳಲ್ಲಿ ಇದ್ದೇ ಇರುತ್ತದೆ. ಆರೋಪಿಯ ತಮ್ಮ ಸುಮ್ಮನೆ ವಿಚಾರಿಸಲು ಹೋದರೂ ಅದು ಬೆದರಿಕೆಯಾಗಿ ಎಫ್‌ಐಆರ್ ಆಗಬಹುದು. ಅನುಭವಿ ವಕೀಲರು ಅದಕ್ಕೇ ಸಾಕ್ಷಿಗಿಂತ ಕಾಗದವನ್ನು ಬೆನ್ನಟ್ಟುತ್ತಾರೆ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಂಥ ಕಡೆ ವೈದ್ಯರು ಬರೆಯುವ ಎಂಎಲ್‌ಸಿ (ಮೆಡಿಕೋ-ಲೀಗಲ್ ಪ್ರಕರಣಗಳ) ರಿಜಿಸ್ಟರಿನಲ್ಲಿ ಗಾಯಾಳು ಎಷ್ಟು ಹೊತ್ತಿಗೆ ಬಂದ, ಯಾರು ಕರೆತಂದರು, ಹೇಗಾಯಿತೆಂದು ಹೇಳಿದ ಎಂಬುದಿರುತ್ತದೆ. ಎಷ್ಟೋ ಸಲ ಅದು ಠಾಣೆಯ ದೂರಿಗಿಂತ ಮೊದಲಿನ ಮಾತು. ದೂರಿನಲ್ಲಿ ಹೆಸರಿಟ್ಟು ಹೇಳಿದ ಆರೋಪಿಗಳು ರಿಜಿಸ್ಟರಿನಲ್ಲಿ 'ಅಪರಿಚಿತರು' ಆಗಿದ್ದರೆ ಪಾಟಿಸವಾಲಿಗೆ ಬೇರೆ ಸಾಮಗ್ರಿ ಬೇಡ.

ಕಾಗದ ಪಡೆಯುವ ದಾರಿಯೂ ನೇರವಾಗಿಲ್ಲ. ದಾಖಲೆ ತರಿಸುವ ಅಧಿಕಾರ ಹಳೆಯ ಸಂಹಿತೆಯ 91ನೇ, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಲ್ಲಿದೆ. ಆರೋಪ ನಿಗದಿಯ ಹಂತದಲ್ಲಿ ಆರೋಪಿ ಅದನ್ನು ಹಕ್ಕಿನಂತೆ ಕೇಳುವಂತಿಲ್ಲ ಎಂಬುದು 2004ರ ದೇಬೇಂದ್ರನಾಥ್ ಪಾಢಿ ತೀರ್ಪಿನ ನಿಲುವು. ರಾಮನಗರದ ಪ್ರಕರಣವೊಂದರಿಂದ ಬಂದ ನಿತ್ಯ ಧರ್ಮಾನಂದ ತೀರ್ಪು (2017) ಒಂದು ಕಿಂಡಿ ತೆರೆಯಿತು: ತನಿಖಾಧಿಕಾರಿ ಅಪ್ಪಟ ಗುಣಮಟ್ಟದ ಸಾಮಗ್ರಿಯನ್ನು ಮುಚ್ಚಿಟ್ಟಿದ್ದಾರೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಅದನ್ನು ತರಿಸಬಹುದು. ಪೊಲೀಸರು ವಶಪಡಿಸಿಕೊಂಡೂ ಅವಲಂಬಿಸದ ದಾಖಲೆಗಳ ಪಟ್ಟಿಯನ್ನು ಆರೋಪಿಗೆ ಕೊಡಬೇಕೆಂದು ಸುಪ್ರೀಂ ಕೋರ್ಟು 2021ರ ಏಪ್ರಿಲ್‌ನಲ್ಲಿ ಹೇಳಿತು. ಪಟ್ಟಿ ಸಿಕ್ಕರೆ ಕೇಳಬೇಕಾದ್ದೇನು ಎಂದಾದರೂ ಗೊತ್ತಾಗುತ್ತದೆ.

ಮೂರನೆಯದು ಮಾತಿನ ತೊಡಕು, ದಂಡಿನಲ್ಲಿ ಇದು ಹಳೆಯದು. ಮೇಯೋ ಹಾಲ್ ನ್ಯಾಯಾಲಯ ಸಂಕೀರ್ಣಕ್ಕೆ ಬರುವ ಪೊಲೀಸ್ ಹೇಳಿಕೆಗಳು ಕನ್ನಡದಲ್ಲಿರುತ್ತವೆ; ಹೇಳಿದವರು ಮಾತನಾಡಿದ್ದು ತಮಿಳು, ಉರ್ದು, ಕೆ.ಆರ್. ಪುರದ ಕಡೆ ಈಗ ಹಿಂದಿ, ಒಡಿಯಾ, ಬಂಗಾಳಿ. 'ಹೊಡೆದ' ಮತ್ತು 'ತಳ್ಳಿದ' ಎಂಬುದರ ನಡುವಿನ ವ್ಯತ್ಯಾಸ ಭಾಷಾಂತರದಲ್ಲಿ ಕಳೆದರೆ ಕಲಮೇ ಬದಲಾಗುತ್ತದೆ. ಹಿಂದೆ ಗುಮಾಸ್ತರು ತುಂಬುತ್ತಿದ್ದ ಜಾಗವನ್ನು ಈಗ ಆಯಾ ಬಡಾವಣೆಯ ಸ್ವಯಂಸೇವಕಿಯರು ತುಂಬುತ್ತಿದ್ದಾರೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಿ ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕೆನ್ನುತ್ತದೆ. ಮಹಜರಿಗೆ ಸಹಿ ಹಾಕಿದ ಪಂಚರು ನಿಜಕ್ಕೂ ಅಲ್ಲಿದ್ದರೇ ಎಂಬ ಹಳೆಯ ಪ್ರಶ್ನೆಗೆ ಈಗ ದೃಶ್ಯವೇ ಉತ್ತರ ಕೊಡಬಲ್ಲದು. ಅದನ್ನು ತರಿಸಿ, ಪಂಚನಾಮೆಯಲ್ಲಿ ಬರೆದ ಹೊತ್ತಿನೊಂದಿಗೆ ನಿಮಿಷ ನಿಮಿಷವೂ ಹೋಲಿಸಿ ನೋಡುವುದು ಅಭಿರಕ್ಷಕರ ಕಚೇರಿಗಳಲ್ಲಿ ಸದ್ಯಕ್ಕೆ ಅತ್ಯಂತ ಕಿರಿಯ ಸಹಾಯಕರ ಪಾಲಿಗೆ ಬರುವಂಥ ಕೆಲಸ.