ಒಡೆಯರು ಉಳಿಸಿಕೊಟ್ಟ ನಾದ

ಜಯಚಾಮರಾಜೇಂದ್ರ ಒಡೆಯರೆಂದರೆ ಅವರ 94 ಕೃತಿಗಳು ನೆನಪಾಗುತ್ತವೆ. ಅವರ ಸಂಗೀತಪ್ರೇಮ ಕರ್ನಾಟಕ ಸಂಗೀತಕ್ಕೇ ಸೀಮಿತವಾಗಿರಲಿಲ್ಲ. ನವ್ಯತೆಯ ಕಾಲದಲ್ಲೂ ಬೀತೊವೆನ್, ಬ್ರಾಮ್ಸರ ಹಳೆಯ ಮಾರ್ಗವನ್ನೇ ನೆಚ್ಚಿದ್ದ ರಷ್ಯಾದ ನಿಕೊಲಾಯ್ ಮೆಡ್ಟ್‌ನರ್ ಲಂಡನ್ನಿನಲ್ಲಿ ಹೃದ್ರೋಗದಿಂದ ಬಳಲುತ್ತಿದ್ದರು. ಮಹಾರಾಜರು ಒದಗಿಸಿದ ಹಣದಿಂದ ಅವರು 1947ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ತಮ್ಮ ಮೂರೂ ಪಿಯಾನೊ ಕಾನ್ಸರ್ಟೊಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಿದರು. ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದರು.

1990ರ ದಶಕದಲ್ಲಿ ಡೆಮಿಡೆಂಕೊ, ಟೋಜರ್ ಅವರ ಮುದ್ರಣಗಳು ಬಂದವು. ಅವುಗಳಲ್ಲಿ ಒಂದೊಂದು ವಾದ್ಯವೂ ಸ್ಪಷ್ಟ. ಹಳೆಯದಾದರೋ ನಾಲ್ಕೈದು ನಿಮಿಷದ ಗ್ರಾಮಫೋನ್ ತಟ್ಟೆಗಳಿಗಾಗಿ ತುಂಡುತುಂಡಾಗಿ ನುಡಿಸಿದ್ದು; ವಾದ್ಯವೃಂದ ಮಸುಕು. ಆದರೆ ಯಾವ ಸ್ವರಕ್ಕೆ ಎಷ್ಟು ಒತ್ತು ಎಂಬುದಕ್ಕೆ ಅಲ್ಲಿ ರಚನಕಾರರ ಬೆರಳುಗಳೇ ಸಾಕ್ಷಿ. ಮೆಡ್ಟ್‌ನರ್ 1951ರಲ್ಲಿ ತೀರಿಕೊಂಡರು. ನಾಲ್ಕು ವರ್ಷ ತಡವಾಗಿದ್ದರೆ ಆ ಸಾಕ್ಷ್ಯವೇ ಇರುತ್ತಿರಲಿಲ್ಲ. ಆಸಕ್ತರು ಮೊದಲು ಇದನ್ನು ಕೇಳಿ, ಬಳಿಕ ಹೊಸವನ್ನು ಕೇಳುವುದು ಉಚಿತ.