ಸಾಕ್ಷಿಗೂ ಅಂಕ ಕೊಟ್ಟ ಅಣಕು ವಿಚಾರಣೆ

1985ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೆ ಮೊಯ್ನ್ ನಗರದಲ್ಲಿ ಹೊಸ ಬಗೆಯ ಕಾಲೇಜು ಸ್ಪರ್ಧೆಯೊಂದು ಶುರುವಾಯಿತು. ಡ್ರೇಕ್ ವಿಶ್ವವಿದ್ಯಾಲಯದ ಕಾನೂನು ಶಾಲೆಯ ಡೀನ್ ರಿಚರ್ಡ್ ಕಾಲ್ಕಿನ್ಸ್ ಅದಕ್ಕಾಗಿ ಕಟ್ಟಿದ ಸಂಸ್ಥೆಯೇ ಅಮೆರಿಕನ್ ಮಾಕ್ ಟ್ರಯಲ್ ಅಸೋಸಿಯೇಷನ್, ಅಂದರೆ ಆಮ್ಟಾ. ಅಮೆರಿಕದಲ್ಲಿ ಕಾನೂನು ಓದುವುದು ಪದವಿ ಮುಗಿದ ಮೇಲೆ. ಹಾಗಾಗಿ ಇಲ್ಲಿ ವಕೀಲರಾಗಿ ನಿಲ್ಲುವವರು ಇತಿಹಾಸ, ರಸಾಯನಶಾಸ್ತ್ರ, ನಾಟಕ ಓದುತ್ತಿರುವ ಹುಡುಗ ಹುಡುಗಿಯರು.

ವಾದದ ಅಭ್ಯಾಸವೇನೋ ಬಹಳ ಹಳೆಯದು. 15 ಮತ್ತು 16ನೇ ಶತಮಾನಗಳಲ್ಲಿ ಲಂಡನ್ನಿನ ಲಿಂಕನ್ಸ್ ಇನ್, ಗ್ರೇಸ್ ಇನ್‌ಗಳ ಭೋಜನಶಾಲೆಯಲ್ಲಿ ಊಟವಾದ ಮೇಲೆ ಕಲಿಯುವ ತರುಣರು ಕಲ್ಪಿತ ಮೊಕದ್ದಮೆಗಳ ಮೇಲೆ ವಾದಿಸುತ್ತಿದ್ದರು, ಹಿರಿಯರು ನ್ಯಾಯಾಧೀಶರಾಗಿ ಕೂರುತ್ತಿದ್ದರು. 17ನೇ ಶತಮಾನದ ಅಂತರ್ಯುದ್ಧದ ಹೊತ್ತಿಗೆ ಆ ಪದ್ಧತಿ ಸಡಿಲವಾಯಿತು. ಅಟ್ಲಾಂಟಿಕ್‌ನ ಆಚೆ, ಕನೆಕ್ಟಿಕಟ್‌ನ ಲಿಚ್‌ಫೀಲ್ಡ್‌ನಲ್ಲಿ ಟ್ಯಾಪಿಂಗ್ ರೀವ್ ನಡೆಸಿದ ಕಾನೂನು ಶಾಲೆ ಅದನ್ನು ಮುಂದುವರಿಸಿತು. ಹಾರ್ವರ್ಡ್‌ನ ಏಮ್ಸ್ ಸ್ಪರ್ಧೆ 1911ರದು, ಅಂತರರಾಷ್ಟ್ರೀಯ ಕಾನೂನಿನ ಜೆಸಪ್ ಸ್ಪರ್ಧೆ 1960ರದು.

ಮೂಟ್ ಎಂದು ಕರೆಯುವ ಈ ಸ್ಪರ್ಧೆಗಳಲ್ಲಿ ಏನು ನಡೆಯಿತು ಎಂಬ ಪ್ರಶ್ನೆಯೇ ಬರುವುದಿಲ್ಲ. ಸಂಗತಿಗಳೆಲ್ಲ ಮೊದಲೇ ತೀರ್ಮಾನವಾಗಿರುತ್ತವೆ. ಯಾವ ಕಾನೂನು ಅನ್ವಯಿಸುತ್ತದೆ ಎಂಬುದಷ್ಟೇ ಚರ್ಚೆ. ಅಲ್ಲಿ ಸಾಕ್ಷಿಯನ್ನು ಯಾರೂ ಕರೆಯುವುದಿಲ್ಲ. ಆದರೆ ಕೆಳಗಿನ ನ್ಯಾಯಾಲಯದಲ್ಲಿ ಮೊಕದ್ದಮೆ ಗೆಲ್ಲುವುದೂ ಬೀಳುವುದೂ ಸಾಕ್ಷಿ ಕಟಕಟೆಯಲ್ಲೇ. ಆಮ್ಟಾ ಸ್ಪರ್ಧೆಯ ಹೆಚ್ಚುಗಾರಿಕೆ ಇರುವುದು ಆ ಕಟಕಟೆಯನ್ನು ಪದವಿ ವಿದ್ಯಾರ್ಥಿಗಳ ಮುಂದೆ ತಂದಿಟ್ಟದ್ದರಲ್ಲಿ.

ಪ್ರತಿ ಆಗಸ್ಟ್‌ನಲ್ಲಿ ಹೊಸ ಮೊಕದ್ದಮೆಯ ಕಡತ ಹೊರಬರುತ್ತದೆ. ಅಫಿಡವಿಟ್‌ಗಳು, ತಜ್ಞರ ವರದಿಗಳು, ಅಮೆರಿಕದ ಫೆಡರಲ್ ಸಾಕ್ಷ್ಯ ನಿಯಮಗಳ ಮಾದರಿಯ ನಿಯಮಾವಳಿ ಎಲ್ಲ ಅದರಲ್ಲಿರುತ್ತವೆ. ಘಟನೆ ನಡೆಯುವುದು ಮಿಡ್‌ಲ್ಯಾಂಡ್ಸ್ ಎಂಬ ಕಲ್ಪಿತ ರಾಜ್ಯದಲ್ಲಿ. ಸಾಮಾನ್ಯವಾಗಿ ಒಂದು ವರ್ಷ ಕ್ರಿಮಿನಲ್, ಮರುವರ್ಷ ಸಿವಿಲ್. ತಂಡದಲ್ಲಿ 6ರಿಂದ 10 ಮಂದಿ. ಒಂದು ಸುತ್ತಿಗೆ ಮೂವರು ವಕೀಲರು, ಮೂವರು ಸಾಕ್ಷಿಗಳು. ಒಂದು ಪಂದ್ಯಾವಳಿಯ ನಾಲ್ಕು ಸುತ್ತುಗಳಲ್ಲಿ ಎರಡು ಬಾರಿ ವಾದಿಯ ಪರ, ಎರಡು ಬಾರಿ ಪ್ರತಿವಾದಿಯ ಪರ. ಬೆಳಿಗ್ಗೆ ಆರೋಪಿಯನ್ನು ಕೊಲೆಗಾರ ಎಂದವರೇ ಮುಂದಿನ ಸುತ್ತಿನಲ್ಲಿ ಅವನನ್ನು ಕಾಪಾಡಲು ನಿಲ್ಲಬೇಕು.

ಅಂಕಪಟ್ಟಿಯನ್ನು ನೋಡಿದರೆ ಕಟಕಟೆಯ ತೂಕ ತಿಳಿಯುತ್ತದೆ. ಪ್ರತಿ ತಂಡಕ್ಕೆ 14 ಅಂಶಗಳು, ತಲಾ 10ರಂತೆ ಒಟ್ಟು 140. ಆರಂಭದ ಮತ್ತು ಕೊನೆಯ ಭಾಷಣಗಳಿಗೆ ಸೇರಿ 20, ವಕೀಲರ ಮುಖ್ಯ ವಿಚಾರಣೆ ಮತ್ತು ಪಾಟೀಸವಾಲಿಗೆ 60. ಉಳಿದ 60 ಸಾಕ್ಷಿಗಳದು! ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬ ತೀರ್ಪಿನಿಂದ ಫಲಿತಾಂಶ ನಿರ್ಧಾರವಾಗುವುದಿಲ್ಲ.

ಸಾಕ್ಷಿಯ ಪಾತ್ರ ನಾಟಕದಂತೆ ಕಂಡರೂ ಕಟ್ಟುಪಾಡು ಕಠಿಣ. ಧ್ವನಿ, ನಡಿಗೆ, ಸಿಟ್ಟು, ಅಂಜಿಕೆ ಎಲ್ಲ ಅವರವರ ಇಷ್ಟ. ಆದರೆ ಕಡತದಲ್ಲಿಲ್ಲದ ಮಹತ್ವದ ಸಂಗತಿಯನ್ನು ತಾನಾಗಿ ಹುಟ್ಟಿಸಿಕೊಳ್ಳುವಂತಿಲ್ಲ. ಪಾಟೀಸವಾಲಿನಲ್ಲಿ ಸಾಕ್ಷಿ ಮಾತು ತಿರುಗಿಸಿದನೆಂದರೆ ಎದುರು ವಕೀಲೆ ಅಫಿಡವಿಟ್ ಕೈಗೆತ್ತಿಕೊಳ್ಳುತ್ತಾಳೆ. "ಕೊನೆಯಲ್ಲಿರುವುದು ನಿಮ್ಮದೇ ಸಹಿ ತಾನೆ?" "ಹೌದು." "ಪ್ರಮಾಣ ಮಾಡಿ ಕೊಟ್ಟ ಹೇಳಿಕೆ?" "ಹೌದು." ಆಮೇಲೆ ಸಾಲಿನ ಸಂಖ್ಯೆ ಹೇಳಿ ಆ ಒಂದು ವಾಕ್ಯವನ್ನಷ್ಟೇ ಓದಿ ಕೂರುತ್ತಾಳೆ. ಯಾಕೆ ಹೀಗೆಂದಿರಿ ಎಂದು ಕೇಳಿದರೆ ಕೆಟ್ಟಳು. ಸಾಕ್ಷಿಗೆ ಸಮಜಾಯಿಷಿ ಕೊಡಲು ದಾರಿ ಬಿಟ್ಟಂತೆ. ಯಾವಾಗ ಸುಮ್ಮನಾಗಬೇಕು ಎಂಬ ಈ ವಿವೇಕ ವಕೀಲಿ ವೃತ್ತಿಯಲ್ಲಿ ಹಲವು ವರ್ಷ ಸವೆಸಿದ ಮೇಲೆ ಬರುವಂಥದ್ದು. ಇಲ್ಲಿ ಇಪ್ಪತ್ತರ ಹರೆಯದಲ್ಲೇ ಅದರ ಪಾಠ ಆಗುತ್ತದೆ.

ಇಂದು 600ಕ್ಕೂ ಹೆಚ್ಚು ತಂಡಗಳು ಕಣಕ್ಕಿಳಿಯುತ್ತವೆ. ಫೆಬ್ರುವರಿಯಲ್ಲಿ ಪ್ರಾದೇಶಿಕ ಸುತ್ತು, ಏಪ್ರಿಲ್‌ನಲ್ಲಿ 48 ತಂಡಗಳ ರಾಷ್ಟ್ರೀಯ ಪಂದ್ಯಾವಳಿ; ಅದಕ್ಕೆ ಬೇರೆಯೇ ಮೊಕದ್ದಮೆ. ಕೋವಿಡ್ ಕಾಲದ 2021ರಲ್ಲಿ ಎಲ್ಲವೂ ಆನ್‌ಲೈನ್‌ನಲ್ಲೇ ನಡೆಯಿತು. ಅಂತಿಮ ಸುತ್ತಿನಲ್ಲಿ ಹೆಸರಾಂತ ಯೇಲ್ ತಂಡವನ್ನು ಮೇರಿಲ್ಯಾಂಡ್‌ನ ಸರ್ಕಾರಿ ವಿಶ್ವವಿದ್ಯಾಲಯ ಯುಎಂಬಿಸಿ ಸೋಲಿಸಿತು.

ಮೂಟ್‌ನಲ್ಲಿ ಬೆಂಗಳೂರಿನ ಸಾಧನೆ ಸಣ್ಣದಲ್ಲ. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ 1999 ಮತ್ತು 2013ರಲ್ಲಿ ಜೆಸಪ್ ವಿಶ್ವಪ್ರಶಸ್ತಿ ಗೆದ್ದಿದೆ. ಭಾರತೀಯ ವಕೀಲರ ಪರಿಷತ್ತು ಕಾನೂನು ಕಾಲೇಜುಗಳಲ್ಲಿ ಮೂಟ್ ಕಡ್ಡಾಯ ಮಾಡಿದೆ. ಕೋರ್ಟಿಗೆ ಹೋಗಿ ವಿಚಾರಣೆ ನೋಡಿ ಟಿಪ್ಪಣಿ ಬರೆಯಬೇಕೆಂದೂ ಹೇಳಿದೆ. ಆದರೆ ಪಾಟೀಸವಾಲನ್ನು ನೋಡಿ ಬರೆದುಕೊಳ್ಳುವುದಕ್ಕೂ ತಾನೇ ನಿಂತು ಮಾಡುವುದಕ್ಕೂ ಅಜಗಜಾಂತರ. ತಾಲ್ಲೂಕು ಕೋರ್ಟಿನಲ್ಲಿ ವೃತ್ತಿ ಶುರುಮಾಡುವ ಹೊಸ ವಕೀಲರ ಮುಂದೆ ಮೊದಲು ನಿಲ್ಲುವುದು ಕನ್ನಡದಲ್ಲಿ ಉತ್ತರ ಕೊಡುವ ಸಾಕ್ಷಿ. ಕನ್ನಡದಲ್ಲೇ ಬರೆದ ಒಂದು ಕಡತ, ಎರಡು ತಂಡಕ್ಕೆ ಸೇರಿ ಹನ್ನೆರಡು ವಿದ್ಯಾರ್ಥಿಗಳು, ಅಂಕ ಹಾಕಲು ಊರಿನ ಇಬ್ಬರು ಹಿರಿಯ ವಕೀಲರು ಸಿಕ್ಕರೆ ಯಾವ ಜಿಲ್ಲೆಯ ಕಾನೂನು ಕಾಲೇಜಿನಲ್ಲಾದರೂ ಇದನ್ನು ನಡೆಸಬಹುದು.