ಬೋರ್ಡಿನ ಮೇಲಿನ ಹೆಸರು



ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ದೋಸೆಗೆ ಕಾಯುತ್ತ ನೀವು ಬೋರ್ಡು ಓದಿಯೇ ಇರುತ್ತೀರಿ. ಇವತ್ತು ಅದರಲ್ಲಿ ತಿಂಡಿಯ ದರವಷ್ಟೇ ಇರುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ದಕ್ಷಿಣದ ಊರುಗಳ ಬೋರ್ಡಿಗೆ ಇನ್ನೊಂದು ಕೆಲಸವಿತ್ತು. 'ಬ್ರಾಹ್ಮಣರ ಹೋಟೆಲ್' ಎಂದು ಬರೆಸಿದರೆ ಸಾಕು, ಒಲೆಯ ಮುಂದೆ ಯಾರಿದ್ದಾರೆ ಎಂದು ಗಿರಾಕಿ ಕೇಳಬೇಕಾಗಿರಲಿಲ್ಲ.

ಉಡುಪಿ ಕಡೆಯಿಂದ ಕಾಸಿಲ್ಲದೆ ಬಸ್ಸು ಹತ್ತಿದ ಬಡ ಹುಡುಗನಿಗೆ ಜಾತಿಯೇ ಬಂಡವಾಳವಾಯಿತು. ಅವನ ಕೈರುಚಿಯನ್ನಾಗಲೀ ದುಡಿಮೆಯನ್ನಾಗಲೀ ನಾನು ಅಲ್ಲಗಳೆಯುವುದಿಲ್ಲ. ಆದರೆ ಅಷ್ಟೇ ರುಚಿಯಾಗಿ ಸಾರು ಮಾಡಬಲ್ಲ ದಲಿತ ಹೆಂಗಸೊಬ್ಬಳು ಆಗ ಹೋಟೆಲ್ ಇಟ್ಟಿದ್ದರೆ ಯಾರು ಒಳಗೆ ಬರುತ್ತಿದ್ದರು, ಹೇಳಿ? ಎಷ್ಟೋ ಕಡೆ ಕೂತು ಉಣ್ಣುವುದಕ್ಕೂ ಅವಳಿಗೆ ಬಾಗಿಲು ತೆರೆದಿರಲಿಲ್ಲ.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ, ಹೋಟೆಲಿಗೆ ಹೋಗಲು ಜಾತಿ ಅಡ್ಡ ಬರಕೂಡದು ಎಂದಿತು. 1955ರ ಕಾಯ್ದೆ ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆಯನ್ನೂ ಗೊತ್ತುಮಾಡಿತು. ಬೋರ್ಡು ಮಾತ್ರ ಸುಲಭವಾಗಿ ಇಳಿಯಲಿಲ್ಲ. 1957ರಲ್ಲಿ ಮದ್ರಾಸಿನ ಟ್ರಿಪ್ಲಿಕೇನಿನ ಮುರಳಿ ಕೆಫೆಯ ಮುಂದೆ ಪೆರಿಯಾರ್ ಅನುಯಾಯಿಗಳು ತಿಂಗಳುಗಟ್ಟಲೆ ಧರಣಿ ಮಾಡಿದರು. ನೂರಾರು ಜನ ಬಂಧನಕ್ಕೊಳಗಾದರು. ಎಲ್ಲ ಒಂದು ಪದ ಅಳಿಸುವುದಕ್ಕೆ!

ಮದ್ರಾಸಿನಲ್ಲಿ ಹೀಗಾದರೆ, ನಮ್ಮ ಮುಂಬಯಿಯಲ್ಲಿ ಕೆಲವೇ ವರ್ಷಗಳಲ್ಲಿ ಅದೇ ಹೋಟೆಲಿನವರ ಗುರುತು ತಿರುಗುಬಾಣವಾಯಿತು. 1960ರಲ್ಲಿ ಶುರುವಾದ 'ಮಾರ್ಮಿಕ್' ವಾರಪತ್ರಿಕೆ, ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳನ್ನು ಪಟ್ಟಿ ಮಾಡಿ ಅಚ್ಚು ಹಾಕಿತು. 1966ರಲ್ಲಿ ಶಿವಸೇನೆ ಹುಟ್ಟಿತು. 'ಲುಂಗಿ ಹಟಾವೋ' ಎಂಬ ಕೂಗು ಎದ್ದಿತು. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿಯ ಹೆಸರಿನಲ್ಲಿ ನಗರ ದಿನಗಟ್ಟಲೆ ಹೊತ್ತಿ ಉರಿಯಿತು. ಹೋಟೆಲು ಭಟ್ಟರದೋ ಶೆಟ್ಟರದೋ ಎಂದು ಕಲ್ಲು ಕೇಳಲಿಲ್ಲ. ಜಾತಿಯಿಂದ ಮೇಲಿದ್ದವರು ಭಾಷೆಯಿಂದ ಹೊರಗಿನವರಾದರು. ಅಲ್ಲೂ ಏಟು ಎಲ್ಲರಿಗೂ ಒಂದೇ ಅಲ್ಲ, ನೋಡಿ. ಮಾಲೀಕನಿಗೆ ಊರಲ್ಲಿ ಗದ್ದೆ-ಮನೆ ಇದ್ದೀತು. ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದ ಹುಡುಗನಿಗೆ ಮಲಗುವ ಜಾಗವೂ ಆ ಹೋಟೆಲೇ.

ನನ್ನದೇ ಒಂದು ಸಂಗತಿ ಹೇಳಿಬಿಡುತ್ತೇನೆ. ಈ ಊರಿಗೆ ಬಂದ ಹೊಸತರಲ್ಲಿ ಲೋಕಲ್ ಟ್ರೈನಿನಲ್ಲಿ ನನ್ನ ಹಿಂದಿ ಕೇಳಿ 'ಮದ್ರಾಸಿ' ಎಂದು ನಕ್ಕವರಿದ್ದರು. ಅದಿನ್ನೂ ನೆನಪಿದೆ, ಚುಚ್ಚುತ್ತದೆ. ಅದೇ ತಿಂಗಳು ಬಾಡಿಗೆ ಮನೆ ಹುಡುಕುತ್ತ ಹೋದೆ. ಮಾಲೀಕರು ನನ್ನ ಅಡ್ಡಹೆಸರು ಕೇಳಿ, "ಶುದ್ಧ ಶಾಕಾಹಾರಿ ಅಲ್ಲವೇ?" ಎಂದು ಖುಷಿಯಿಂದ ಬೀಗದ ಕೈ ಕೊಟ್ಟರು. ಹಿಂದಿನ ವಾರ ಅದೇ ಮನೆ ಕೇಳಿದ್ದ ನನ್ನ ಗೆಳೆಯನಿಗೆ "ಖಾಲಿ ಇಲ್ಲ" ಎಂದಿದ್ದರಂತೆ. ಅವನ ಅಡ್ಡಹೆಸರು ಬೇರೆ.

ನನಗೆ ಅದು ಗೊತ್ತಿತ್ತು. ಬೀಗದ ಕೈ ತೆಗೆದುಕೊಂಡೆ.